ನಲವತ್ತು ಗ್ರಾಂ

ಕುತಾಯಿಸಿಯ ಹಳೆ ಮಾರುಕಟ್ಟೆಯಲ್ಲಿ
ನನ್ನದು ಅಕ್ರೋಟಿನ ಕಟ್ಟೆ, ಪಕ್ಕದ್ದು ತ್ಸಿಯಾಲಾಳ ಚೀಸಿನದು.
ನಡುವೆ ಒಂದು ಮೊಣಕೈ ಜಾಗ,
ಹತ್ತೊಂಬತ್ತು ವರ್ಷದ ಮಾತು.

ತನ್ನ ಕಾಲು ತುಳಿದವರಿಗೆ
ತಾನೇ ಕ್ಷಮೆ ಕೇಳುವವಳು.
ಹಣೆ ಬಡಿದರೆ ಬಾಗಿಲಿಗೂ.
ದೋದೋ ತನ್ನ ಮೊಮ್ಮಗನನ್ನು ಇವಳ ಕಟ್ಟೆಯಡಿ ಮಲಗಿಸಿ
ಹಲ್ಲಿನ ಡಾಕ್ಟರ ಬಳಿ ಹೋದವಳು
ಸಂಜೆ ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದಳು.
ಮೀನಿನ ಜುಂಬೆರ್ ಡಿಸೆಂಬರಿನಲ್ಲಿ
ಒಂದು ದಿನಕ್ಕೆಂದು ಒಯ್ದ ಹೀಟರು
ಚೆರ್ರಿ ಹೂಬಿಟ್ಟ ಮೇಲೆ ಮರಳಿತು, ತಂತಿ ಸುಟ್ಟು.
"ಪರವಾಗಿಲ್ಲ," ಎಂದಳು. "ಇನ್ನೇನು ಬೇಸಿಗೆ ಬಂತಲ್ಲ."

ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಅಂತಾರೆ.
ನಾವು ಗುದ್ದಲಿಲ್ಲ, ಸುಳ್ಳು ಯಾಕೆ ಹೇಳಲಿ,
ಬೆನ್ನು ಸಪಾಟಾಗಿ ಕಂಡಿತು, ಬುಟ್ಟಿ ಇಟ್ಟೆವು.
ನಾನೂ ಇಟ್ಟೆ.
ದಿನಾ ಮಧ್ಯಾಹ್ನ ನನ್ನ ರೊಟ್ಟಿಯ ಜೊತೆಗೆ
ಅವಳ ಸುಲುಗುನಿ ಚೀಸಿನ ಒಂದು ಮೂಲೆ
ಕೇಳದೆಯೇ ಬರುತ್ತಿತ್ತು.
ಮೊದಲ ವರ್ಷ ನಿನ್ನ ಕೈ ತಣ್ಣಗಿರಲಿ ಎಂದೆ.
ಆಮೇಲೆ, ಉಪ್ಪು ಜಾಸ್ತಿಯಾಯಿತು ಎಂದೆ.

ಮಾರ್ಚಿನಲ್ಲಿ ಒಬ್ಬ ಹುಡುಗ ಬಂದ,
ಅಳತೆ ಇಲಾಖೆಯವನು, ಮೀಸೆ ಇನ್ನೂ ಮೂಡುತ್ತಿರುವವನು.
ಅವನ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಗೂಡುಗಳಲ್ಲಿ,
ಹಿತ್ತಾಳೆಯ ಬಟ್ಟುಗಳು.
ನಾವೆಲ್ಲ ಉಸಿರು ಬಿಗಿಹಿಡಿದೆವು.
ನಮ್ಮ ನಮ್ಮ ಹೆಬ್ಬೆರಳಿನ ಕಥೆ ನಮಗೆ ಗೊತ್ತಿತ್ತು.
ಸಿಕ್ಕಿಬಿದ್ದವಳು ತ್ಸಿಯಾಲಾ.

ಬಟ್ಟಿಡುವ ತಟ್ಟೆಯನ್ನು ಮಗುಚಿದ:
ಅಡಿಯಲ್ಲಿ ಮೇಣ, ಮೇಣದೊಳಗೆ
ಮೀನುಬಲೆಗೆ ಕಟ್ಟುವ ಸೀಸದ ಗುಂಡು.
"ನಲವತ್ತು ಗ್ರಾಂ," ಎಂದ.
ಪೆನ್ನು ತೆಗೆದವನು ತಡೆದು, ಇನ್ನೊಮ್ಮೆ ತೂಗಿದ.
"ಅಮ್ಮಾ, ಇದು ನಿಮಗೇ ನಷ್ಟ."

"ಗೊತ್ತು," ಎಂದಳು, ಕಿವಿ ಕೆಂಪಾಗಿ.
"ಮೊದಲ ವಾರ ಯಾರೋ ಒಬ್ಬಳು
ಹತ್ತು ಗ್ರಾಮಿಗೆ ಕಳ್ಳಿ ಅಂದಳು, ಎಲ್ಲರೆದುರು.
ಅವತ್ತು ರಾತ್ರಿ ಅಂಟಿಸಿದೆ."

ಹುಡುಗ ಬೈಯಲಿಲ್ಲ. ನಗಲೂ ಇಲ್ಲ.
ಫಾರಂ ತುಂಬುತ್ತಾ, ತಲೆಯೆತ್ತದೆ, ಹೇಳಿದ:
"ಯಾರಿಗೆ ಮೋಸ ಅಂತ ಇದರಲ್ಲಿ ಕಾಲಂ ಇಲ್ಲ.
ತಪ್ಪು ತೂಕ ಅಂದರೆ ತಪ್ಪು ತೂಕ."
ಚಾಕುವಿನ ತುದಿಯಿಂದ ಸೀಸ ಎಬ್ಬಿಸಿ
ಅವಳ ಅಂಗೈಗೆ ಹಾಕಿ ಹೋದ.

ಅದನ್ನು ಹಿಡಿದೇ ಕೂತಳು, ಬಹಳ ಹೊತ್ತು.
ಲೆಕ್ಕ ಹಾಕುತ್ತಿದ್ದಳೋ ಏನೋ. ನಾನು ಹಾಕಿದೆ:
ತಲೆಗೆ ನಲವತ್ತು, ದಿನಕ್ಕೆ ಅರವತ್ತು ಗಿರಾಕಿ,
ಹತ್ತೊಂಬತ್ತು ವರ್ಷ.
ಹದಿಮೂರು ಟನ್ನು ದಾಟಿದ ಮೇಲೆ ಬಿಟ್ಟೆ.

ನಮ್ಮ ಭಾಷೆಯಲ್ಲಿ ಇಲ್ಲವೆನ್ನಲು ಎರಡು ದಾರಿ.
'ವೆರ್' ಅಂದರೆ ಮನಸ್ಸುಂಟು, ಕೈಲಾಗದು.
'ಅರಾ' ಅಂದರೆ ಒಲ್ಲೆ, ಅಷ್ಟೇ.
ಒಳ್ಳೆ ಮನೆಯ ಹುಡುಗಿಯರು ಮೊದಲನೆಯದನ್ನು ಕಲಿತು
ಅದರಲ್ಲೇ ಮುದುಕಿಯರಾಗುತ್ತಾರೆ.
ತ್ಸಿಯಾಲಾಗೆ ಅದೂ ಬರುತ್ತಿರಲಿಲ್ಲ.

ಗುರುವಾರ ದೋದೋ ಮೊಮ್ಮಗನ ಕೈ ಹಿಡಿದು ಬಂದಳು.
"ಅರಾ," ಎಂದಳು ತ್ಸಿಯಾಲಾ.
ದನಿ ನಡುಗಿತು, ಕಟ್ಟೆಯ ಅಂಚು ಹಿಡಿದಿದ್ದಳು.
ಕಾರಣ ಹೇಳಲು ಬಾಯಿ ತೆರೆದಳು, ನಾನು ನೋಡಿದೆ,
ಮತ್ತೆ ಮುಚ್ಚಿದಳು.
ಮಾರುಕಟ್ಟೆಯ ಸೂರು ಬೀಳಲಿಲ್ಲ.
ಮಗು ಆಕಳಿಸಿತು.

ಆ ಮಧ್ಯಾಹ್ನ ನನ್ನದು ಬರೀ ರೊಟ್ಟಿ.
ನಿಜ ಹೇಳುತ್ತೇನೆ, ಸಿಟ್ಟು ಬಂತು,
ನನ್ನದನ್ನೇ ಯಾರೋ ಕಿತ್ತುಕೊಂಡ ಹಾಗೆ.
ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ ದುಡ್ಡು ಹಿಡಿದು
ಸುತ್ತಿಕೊಂಡು ಹೋಗಿ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಗಿರಾಕಿ ನಿಲ್ಲುವ ಕಡೆ ನಿಂತೆ.

ಕಾಲು ಕಿಲೋ, ಎಂದೆ.
ಕತ್ತರಿಸಿದಳು, ಇಟ್ಟಳು, ಕೈ ತೆಗೆದಳು.
ತಕ್ಕಡಿಯ ಮುಳ್ಳು ಆಚೀಚೆ ಓಲಾಡಿ
ನಡುವೆ ನಿಂತಿತು.
ಅವಳ ಕಣ್ಣು ಕಂದು ಬಣ್ಣದ್ದು, ಒಂದು ಸ್ವಲ್ಪ ಚಿಕ್ಕದು.
ಪಕ್ಕದಲ್ಲೇ ಕೂತವಳಿಗೆ ಗೊತ್ತಿರಲಿಲ್ಲ.

ಅಲ್ಲೇ ಒಂದು ಚೂರು ಬಾಯಿಗೆ ಹಾಕಿಕೊಂಡೆ.
ಉಪ್ಪು ಹೇಗಿದೆ ಎಂದು
ಅವಳು ಕೇಳಲಿಲ್ಲ.